ವರ್ಷಕ್ಕೊಮ್ಮೆ ಕ್ಷಮೆ ಕೇಳುತ್ತಿದ್ದವರು

ಅವರು ಕ್ಷಮೆ ಕೇಳಲು ಎದ್ದರೆಂದರೆ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಒಳಗೊಳಗೇ ಹೆದರಿಕೆಯಾಗುತ್ತಿತ್ತು. ಸೆಪ್ಟೆಂಬರಿನಲ್ಲಿ, ಕೆಲವು ವರ್ಷ ಅಕ್ಟೋಬರಿನ ಮೊದಲಲ್ಲಿ, ಒಂದು ಬೆಳಿಗ್ಗೆ ಅವರು ಕುರ್ಚಿ ಹಿಂದೆ ಸರಿಸಿ ಪ್ರತಿಯೊಬ್ಬರ ಮೇಜಿಗೂ ಬರುತ್ತಿದ್ದರು. ಗೋದಾಮಿನವರನ್ನೂ ಬಿಡುತ್ತಿರಲಿಲ್ಲ, ಮ್ಯಾನೇಜರನ್ನೂ ಬಿಡುತ್ತಿರಲಿಲ್ಲ. ಎರಡು ಕೈ ಮುಂದೆ ಕಟ್ಟಿಕೊಂಡು, ಕನ್ನಡದವರಿಗೆ ಕನ್ನಡದಲ್ಲಿ, ಉಳಿದವರಿಗೆ ಹಿಂದಿಯಲ್ಲಿ ಹೇಳುತ್ತಿದ್ದರು: "ಈ ವರ್ಷ ನನ್ನ ಮಾತಿನಿಂದ ಆಗಲಿ, ಮನಸ್ಸಿನಿಂದ ಆಗಲಿ ನಿಮಗ ಏನರ ತಪ್ಪಾಗಿದ್ರ ಮಾಫ್ ಮಾಡ್ರಿ."

ಮಾತಿನಿಂದ ಆದದ್ದಾದರೆ ನಮಗೆ ಗೊತ್ತಿರಬೇಕಲ್ಲ. ಮನಸ್ಸಿನಿಂದ ಇವರು ನಮಗೆ ಎಂತ ಮಾಡಿರಬಹುದು? ಅವರು ಮುಂದಿನ ಮೇಜಿಗೆ ಹೋದ ಕೂಡಲೇ ಪಿಸುಪಿಸು ಶುರು. ಮೇಲಿನವರಿಗೆ ಏನಾದರೂ ಬರೆದು ಹಾಕಿರಬೇಕು, ಅದಕ್ಕೇ ಮೊದಲೇ ಕೈ ತೊಳೆದುಕೊಳ್ಳುತ್ತಿದ್ದಾರೆ ಎಂದು ಒಬ್ಬ ಹೇಳಿದರೆ, ವಾರವಿಡೀ ಎಲ್ಲರೂ ತಮ್ಮ ತಮ್ಮ ರಜೆಯ ಲೆಕ್ಕ, ಬಂದುಹೋಗುವ ಹೊತ್ತು ಸರಿಮಾಡಿಕೊಳ್ಳುತ್ತಿದ್ದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದಿದ್ದರೆ ಅವರಿಗೆ ಹಿಡಿಸುತ್ತಿರಲಿಲ್ಲ. ನಾಲ್ಕು ಜನರ ಎದುರು ಒಬ್ಬರನ್ನು ಹೊಗಳುವುದನ್ನೂ ಅವರು ತಪ್ಪಿಸುತ್ತಿದ್ದರು. "ನೀವು ಹೊಗಳಿದ ಕೂಡಲೇ ಇನ್ನೊಬ್ಬ 'ಅದೆಲ್ಲ ಖರೇ, ಆದ್ರ...' ಅಂತ ಚಾಲೂ ಮಾಡ್ತಾನ. ಆ 'ಆದ್ರ'ಕ್ಕ ನೀವೇ ಬಾಗಿಲು ತೆಗೆದಂಗ ಆತು," ಎನ್ನುತ್ತಿದ್ದರು. ಅವರು ತೀರಿಹೋಗಿ ಎರಡು ತಿಂಗಳಾಯಿತು. ಅವರನ್ನು ಹೊಗಳಲು ನಾನು ಕೂತಿಲ್ಲ. ನಾನು ಏನು ಮಾಡಿದೆ ಎಂಬುದನ್ನು ಹೇಳದೆ ಅವರ ಬಗ್ಗೆ ಹೇಳಲು ನನಗೆ ಬರುವುದಿಲ್ಲ, ಅಷ್ಟೆ.

ನಮ್ಮದು ಲಿಫ್ಟುಗಳನ್ನು ನೋಡಿಕೊಳ್ಳುವ ಕಂಪನಿ. ದುಬೈಯ ಅಲ್ ಬರ್ಷಾದಲ್ಲಿ ಮೆಟ್ರೋ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಆಫೀಸು. ಉಳ್ಳಾಲದ ಹಮೀದನಾದ ನಾನು ಮತ್ತು ಕಾಪುವಿನ ಸುಧಾಕರ ಇಬ್ಬರೂ ಕಾಲ್ ಡೆಸ್ಕಿನಲ್ಲಿದ್ದೆವು. ಯಾವುದಾದರೂ ಕಟ್ಟಡದಲ್ಲಿ ಲಿಫ್ಟ್ ನಿಂತರೆ ಫೋನು ನಮಗೆ ಬರುತ್ತದೆ, ನಾವು ಟೆಕ್ನೀಷಿಯನ್ನರನ್ನು ಅಟ್ಟುತ್ತೇವೆ. ಅವರು ಹಿರಿಯ ಇನ್‌ಸ್ಪೆಕ್ಟರ್. ಟೆಕ್ನೀಷಿಯನ್ನರ ವರದಿಯೆಲ್ಲ ಅವರ ಮೇಜು ದಾಟಿಯೇ ಮುಂದೆ ಹೋಗಬೇಕು. ಮೇಜು ಮ್ಯಾನೇಜರ್ ಕ್ಯಾಬಿನ್ನಿನ ಗಾಜಿನ ಬಾಗಿಲಿಗೆ ತಾಗಿಕೊಂಡೇ ಇತ್ತು. ಒಳಗಿನ ಮಾತು ಆ ಮೇಜಿಗೆ ಕೇಳಿಸುತ್ತದೆ ಎಂದು ನಾವೆಲ್ಲ ನಂಬಿದ್ದೆವು.

ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ಅಂಗಿಯ ಜೇಬಿನಲ್ಲಿ ಸಣ್ಣ ಟಾರ್ಚು. ಮನೆತನದ ಹೆಸರು 'ಕರ್' ಎಂದು ಮುಗಿಯುತ್ತಿತ್ತು, ಮನೆಮಾತು ಮರಾಠಿ. ತಂದೆ ರೈಲ್ವೆಯಲ್ಲಿದ್ದುದರಿಂದ ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ ಬೆಳೆದವರು. ದುಬೈಯಲ್ಲಿ ಮೂವತ್ತು ವರ್ಷವಾಗುತ್ತ ಬಂದರೂ ಆ ಊರಿನ ಕನ್ನಡ ನಾಲಿಗೆಯಿಂದ ಹೋಗಿರಲಿಲ್ಲ. ಕಂಪನಿಯ ಪಾರ್ಟಿಗಳಲ್ಲಿ ಮಾಂಸ ಮುಟ್ಟುತ್ತಿರಲಿಲ್ಲ. ಅಕೌಂಟ್ಸಿನಲ್ಲಿದ್ದ ಗುಜರಾತಿ ಹೆಂಗಸೊಬ್ಬರು ಜೈನರು. ಅವರೂ ಅದೇ ಸುಮಾರಿಗೆ ಎಲ್ಲರಿಗೂ ಕ್ಷಮೆ ಕೇಳುವ ಮೆಸೇಜು ಕಳಿಸುತ್ತಿದ್ದರು. ಹಾಗಾಗಿ ಇವರೂ ಜೈನರೇ ಇರಬೇಕೆಂದು ನಾವು ತೀರ್ಮಾನಿಸಿದ್ದೆವು. ಒಮ್ಮೆ ಸುಧಾಕರ ನೇರವಾಗಿ ಕೇಳಿಯೇ ಬಿಟ್ಟ. ಅವರು ನಕ್ಕು, "ಹಂಗ ಅಂದ್ಕೊಂಡ್ರೂ ಅಡ್ಡಿ ಇಲ್ಲ ಬಿಡ್ರಿ," ಎಂದರು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅದೂ ನಮಗೆ ಸಂಶಯವೇ.

ಆಗ ನಮಗೆ ಶುಕ್ರವಾರ ಒಂದೇ ದಿನ ರಜೆ. ಅವರು ಮಾತ್ರ ಮೊದಲಿನಿಂದಲೂ ಶನಿವಾರ ಬರುತ್ತಿರಲಿಲ್ಲ. ಅದರ ಬದಲು ಶುಕ್ರವಾರ ಒಬ್ಬರೇ ಬಂದು ಬಾಗಿಲು ತೆಗೆದು ಕೂರುತ್ತಿದ್ದರು. ನಾನು ಜುಮ್ಮಾ ನಮಾಜು ಮುಗಿಸಿ ಬಂದು ಎಲ್ಲರೂ ಬಿರಿಯಾನಿಯ ಎದುರು ಕೂತ ಹೊತ್ತಿಗೆ ಖಾಲಿ ಆಫೀಸಿನಲ್ಲಿ ಈ ಮನುಷ್ಯ ಏನು ಮಾಡುತ್ತಿರಬಹುದು ಎಂದು ನಾನೂ ಸುಧಾಕರನೂ ಎಷ್ಟೋ ಸಲ ಮಾತಾಡಿಕೊಂಡದ್ದುಂಟು.

ಮತ್ತೆ ಆ ಚೀಟಿಗಳು. ಶನಿವಾರ ಕೆಲವು ಟೆಕ್ನೀಷಿಯನ್ನರ ಹತ್ಯಾರಿನ ಪೆಟ್ಟಿಗೆಯಲ್ಲಿ ಅವರು ಬರೆದಿಟ್ಟ, ನಾಲ್ಕು ಮಡಿಕೆ ಮಾಡಿದ ಚೀಟಿ ಇರುತ್ತಿತ್ತು. ಸಿಕ್ಕವರು ಓದಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು, ತುಟಿ ಬಿಚ್ಚುತ್ತಿರಲಿಲ್ಲ. ಅದು ಬೆದರಿಕೆಯ ಚೀಟಿ ಎಂದೇ ನನ್ನ ಊಹೆ. ಕೊನೆಗೊಬ್ಬ ತಮಿಳು ಟೆಕ್ನೀಷಿಯನ್ನನ್ನು ಕಾಡಿ ಬೇಡಿ ತೆರೆಸಿ ನೋಡಿದೆ. "ಮೂರನೇ ಮಹಡಿಯ ಬಾಗಿಲಿನ ಸೆನ್ಸರ್ ನೋಡಲು ಮರೆತಿದ್ದೀರಿ. ನಾನೂ ಒಮ್ಮೆ ಮರೆತಿದ್ದೆ," ಎಂದು ಇಂಗ್ಲಿಷಿನಲ್ಲಿ ಇತ್ತು, ಅಷ್ಟೆ. ಹಿಂದಿನ ಇನ್‌ಸ್ಪೆಕ್ಟರ್ ಇಂಥದನ್ನು ಸೋಮವಾರದ ಮೀಟಿಂಗಿನಲ್ಲಿ ಎಲ್ಲರೆದುರು ಓದಿ ಹೇಳುತ್ತಿದ್ದರು. ಇವರು ಯಾಕೆ ಹಾಗೆ ಮಾಡುವುದಿಲ್ಲ ಎಂದು ಕೇಳಿದ್ದಕ್ಕೆ, "ಮಂದಿ ಮುಂದ ಒಬ್ಬನ ಮುಖ ಬೆಳ್ಳಗಾಗುವಂಗ ಮಾಡಿದ್ರ ಅವನ ರಕ್ತ ಹರಿಸಿದಂಗ ಅಂತ ನಮ್ಮ ಹಿರಿಯರು ಹೇಳ್ಯಾರ," ಎಂದರು. ಯಾವ ಹಿರಿಯರು ಎಂದು ನಾನು ಕೇಳಲಿಲ್ಲ. ಚೀಟಿಯಲ್ಲಿ ಕೆಟ್ಟದ್ದೇನೂ ಇಲ್ಲವೆಂದು ಗೊತ್ತಾಯಿತಲ್ಲ, ಆಗಲೂ ನನಗೆ ಸಮಾಧಾನವಾಗಲಿಲ್ಲ. ಇಷ್ಟು ಒಳ್ಳೆಯವರಾಗಿರಲು ಏನೋ ಕಾರಣ ಇರಬೇಕು ಎನ್ನಿಸಿತು.

ಟೀ ಹೊತ್ತಿನಲ್ಲಿ ಯಾರಾದರೂ ಅಲ್ಲಿಲ್ಲದವರ ಸುದ್ದಿ ಎತ್ತಿದರೆ ಅವರು ಕಪ್ಪು ಹಿಡಿದುಕೊಂಡು ಎದ್ದು ಹೋಗುತ್ತಿದ್ದರು. ಹೋಗಲು ಆಗದಿದ್ದರೆ ಲಿಫ್ಟಿನ ಯಾವುದೋ ವೈರಿನ ಮಾತು ತೆಗೆಯುತ್ತಿದ್ದರು. ಅಷ್ಟಕ್ಕೂ ನಿಲ್ಲದಿದ್ದರೆ ಖಾಲಿ ಕುರ್ಚಿ ತೋರಿಸಿ, "ಅವರು ಇಲ್ಲೇ ಕುಂತಾರ ಅಂದ್ಕೊಂಡು ಹೇಳ್ರಿ, ಕೇಳ್ತೀನಿ," ಎನ್ನುತ್ತಿದ್ದರು. ಆ ಮೇಲೆ ಹೇಳುವವನ ಬಾಯಿ ಕಟ್ಟಿ ಹೋಗುತ್ತಿತ್ತು. ಟೀಯ ರುಚಿಯೇ ಕೆಡುತ್ತದೆ ಎಂದು ಸುಧಾಕರ ಬೈಯುತ್ತಿದ್ದ.

ಒಂದು ಸಂಜೆ ಬರ್ ದುಬೈಯ ಕಟ್ಟಡವೊಂದರ ಕೆಲಸ ಮುಗಿಸಿ ನಾನೂ ಅವರೂ ಬಟ್ಟೆ ಅಂಗಡಿಗಳ ಗಲ್ಲಿಯಲ್ಲಿ ನಡೆಯುತ್ತಿದ್ದೆವು. ನಾನು ಒಂದು ಅಂಗಡಿಯ ಹೊರಗೆ ತೂಗುಹಾಕಿದ್ದ ಶಾಲಿನ ಬೆಲೆ ಕೇಳಿದೆ. ಅಂಗಡಿಯವ ಎದ್ದು ಬಂದು ಅದನ್ನು ಇಳಿಸಿದ, ಇನ್ನೂ ನಾಲ್ಕು ಬಿಚ್ಚಿ ತೋರಿಸಿದ. ನಾನು ನೋಡಿ ಸಾಕು ಎಂದು ಹೊರಟೆ. ಅವರು ಸ್ವಲ್ಪ ದೂರ ಸುಮ್ಮನೆ ಬಂದು ಕೇಳಿದರು.

"ತಗೊಳ್ಳೂ ವಿಚಾರ ಇತ್ತೇನ್ರಿ ಹಮೀದ್‌ಭಾಯಿ?"

"ಇಲ್ಲ ಸರ್, ಸುಮ್ಮನೆ ಕೇಳಿದ್ದು."

"ಸುಮ್ನ ರೇಟ್ ಕೇಳಬಾರದ್ರಿ. ಅವ ಆಸೆಯಿಂದ ಎದ್ದು ಬಂದ. ಮಾತಿನಾಗೂ ಮೋಸ ಐತಿ. ಕೈಲೆ ಮಾಡಿದ ಮೋಸ ತಿರುಗಿ ಕೊಡಬಹುದು, ಇದನ್ನ ಹೆಂಗ ಕೊಡ್ತೀರಿ?"

ಆಬ್ರಾ ದೋಣಿಯಲ್ಲಿ ಕ್ರೀಕ್ ದಾಟುವಾಗ ಅವರು ಆ ದಿನ ಎಂದಿಗಿಂತ ಹೆಚ್ಚು ಮಾತಾಡಿದರು. ಪ್ರತಿ ವಾರ ಒಂದು ಗುಣ ಹಿಡಿದು ಅದರ ಮೇಲೆ ಕೆಲಸ ಮಾಡುತ್ತಾರಂತೆ. ಒಂದು ವಾರ ತಾಳ್ಮೆ, ಒಂದು ವಾರ ಮೌನ, ಒಂದು ವಾರ ವಿನಯ. ಹದಿಮೂರು ಮುಗಿದರೆ ಮತ್ತೆ ಮೊದಲಿನಿಂದ. "ಮೂವತ್ತು ವರ್ಷ ಆತು. ತಾಳ್ಮಿ ಇನ್ನೂ ಮೊದಲನೇ ಕ್ಲಾಸಿನ್ಯಾಗ ಐತಿ," ಎಂದು ನಕ್ಕರು. ಮಾತಿನ ಬಗ್ಗೆ ಹೇಳಿದ್ದು ಇನ್ನೂ ನೆನಪಿದೆ. ಒಬ್ಬನ ಬಗ್ಗೆ ಆಡಿದ ಕೆಟ್ಟ ಮಾತು ಮೂವರಿಗೆ ಹೊಡೆಯುತ್ತದೆ. ಆಡಿದವನಿಗೆ, ಕೇಳಿದವನಿಗೆ, ಯಾರ ಬಗ್ಗೆ ಆಡಿದರೋ ಅವನಿಗೆ.

"ಸುಳ್ಳಾದರೆ ಹೌದು," ಎಂದೆ ನಾನು. "ನಿಜವೇ ಆದರೆ?"

"ಸುಳ್ಳು ಬ್ಯಾರೆ ಪಾಪ. ನಾ ಹೇಳೂದು ಖರೇ ಮಾತಿನ ಪಾಪ."

ಮದ್ರಸದಲ್ಲಿ ಉಸ್ತಾದರು ಗೀಬತ್, ಬೆನ್ನ ಹಿಂದೆ ಆಡುವ ಮಾತು, ಎಂದರೆ ಏನೆಂದು ಬೆತ್ತ ಹಿಡಿದು ನಮಗೂ ಇದನ್ನೇ ಕಲಿಸಿದ್ದರು. ಹಾಗೆಂದು ಅವರಿಗೆ ಹೇಳಿದೆ. ಅವರು ಖುಷಿಯಾಗಿ ನನ್ನ ಮೊಣಕಾಲು ತಟ್ಟಿದರು. ನಾನು ಮಾತ್ರ, ಈ ಮನುಷ್ಯ ಯಾರು, ಇದನ್ನೆಲ್ಲ ಎಲ್ಲಿ ಕಲಿತದ್ದು, ನನಗೆ ಯಾಕೆ ಹೇಳುತ್ತಿದ್ದಾರೆ ಎಂದು ಯೋಚಿಸುತ್ತ ಇಳಿದೆ.

ಕೊರೊನಾ ಬಂದ ವರ್ಷ ಕಂಪನಿ ಜನ ಕಡಿಮೆ ಮಾಡಿತು. ಕಾಲ್ ಡೆಸ್ಕಿನ ಇಬ್ಬರಲ್ಲಿ ಒಬ್ಬರು ಸಾಕು ಎಂಬ ಸುದ್ದಿ ಹಬ್ಬಿತು. ನಾನೂ ಸುಧಾಕರನೂ ಅದರ ಬಗ್ಗೆ ಒಂದು ಮಾತೂ ಆಡದೆ ಅಕ್ಕಪಕ್ಕದಲ್ಲೇ ಕೂತು ಕೆಲಸ ಮಾಡುತ್ತಿದ್ದೆವು. ಅವನು ಮೊದಲೊಮ್ಮೆ, ಆಣೆ ಹಾಕಿಸಿ, ಅಬುಧಾಬಿಯ ಒಂದು ಕಡೆ ಕೆಲಸಕ್ಕೆ ಅರ್ಜಿ ಹಾಕಿದ್ದನ್ನು ನನಗೆ ಹೇಳಿದ್ದ. ಅದು ಆಗಿ ಬಂದಿರಲಿಲ್ಲ. ಒಂದು ಮಧ್ಯಾಹ್ನ ಮ್ಯಾನೇಜರ್ ನನ್ನನ್ನು ಕರೆದು ಏನೋ ಫೈಲು ಕೇಳಿದರು. ಕೊಟ್ಟು ಹೊರಡುವಾಗ, ಯಾರೂ ಕೇಳದೆ, ನಾನೇ ಹೇಳಿದೆ: "ಸುಧಾಕರ ಹೇಗೂ ಬೇರೆ ಕಡೆ ನೋಡ್ತಾ ಇದ್ದಾನೆ ಸರ್."

ಸುಳ್ಳಲ್ಲ. ಒಂದೇ ವಾಕ್ಯ. ಮ್ಯಾನೇಜರ್ ತಲೆ ಎತ್ತಲಿಲ್ಲ, "ಹೂಂ" ಎಂದರು. ಹೊರಗೆ ಬಂದಾಗ ಅವರು ಬಾಗಿಲ ಪಕ್ಕದ ತಮ್ಮ ಮೇಜಿನಲ್ಲಿ ವರದಿಯ ಮೇಲೆ ಬಗ್ಗಿ ಕೂತಿದ್ದರು. ನನ್ನನ್ನು ನೋಡಲಿಲ್ಲ. ನೋಡದೆ ಇದ್ದದ್ದೇ ನನ್ನ ಎದೆಗೆ ಚುಚ್ಚಿತು.

ಹತ್ತು ದಿನದಲ್ಲಿ ಸುಧಾಕರನಿಗೆ ಕೆಲಸದಿಂದ ತೆಗೆದ ಕಾಗದ ಬಂತು. ಅವನ ಮಗಳು ಹತ್ತನೇ ಕ್ಲಾಸು. ಹೆಂಡತಿ ಮಕ್ಕಳೊಂದಿಗೆ ಊರಿಗೆ ಹೊರಟ. ನಾನು ವಿಮಾನ ನಿಲ್ದಾಣದವರೆಗೆ ಹೋಗಿ, ಅವನ ಪೆಟ್ಟಿಗೆ ತೂಗಿಸಿ, ಅಪ್ಪಿಕೊಂಡು ಬಂದೆ.

ಆ ಸೆಪ್ಟೆಂಬರಿನಲ್ಲಿ ಅವರು ನನ್ನ ಮೇಜಿಗೆ ಬಂದಾಗ ಮಾತು ಬೇರೆಯಿತ್ತು. ಪಕ್ಕದ ಖಾಲಿ ಕುರ್ಚಿ ಎಳೆದು ಕೂತರು.

"ಹಮೀದ್‌ಭಾಯಿ, ಈ ಸಲ ಬರೇ ರೂಢಿ ಅಂತ ಬಂದಿಲ್ಲ. ನಾಲ್ಕು ತಿಂಗಳು ನಿಮ್ಮ ಬಗ್ಗೆ ಒಂದು ಕೆಟ್ಟ ವಿಚಾರ ಇಟ್ಕೊಂಡಿದ್ದೆ. ನೋಡಿದ್ದಲ್ಲ, ಕೇಳಿದ್ದಲ್ಲ, ನಾನೇ ಕಟ್ಟಿಕೊಂಡಿದ್ದು. ಮಾಫ್ ಮಾಡ್ರಿ."

"ಎಂತ ವಿಚಾರ ಸರ್?"

"ಅದು ಬ್ಯಾಡ. ಹೇಳಿದ್ರ ನಿಮಗ ನೋವಾಗ್ತದ. ನೋವು ಮಾಡಿ ಮಾಫಿ ತಗೊಳ್ಳೂದು ಸರಿ ಅಲ್ಲ."

"ಪರವಾಗಿಲ್ಲ ಸರ್, ಮಾಫ್," ಎಂದು ಬೇಗ ಹೇಳಿ ಫೋನು ಕೈಗೆತ್ತಿಕೊಂಡೆ. ಯಾರ ಫೋನೂ ಬಂದಿರಲಿಲ್ಲ.

ಅದೇ ತಿಂಗಳು ಈ ದೇಶಕ್ಕೂ ಇಸ್ರೇಲಿಗೂ ಒಪ್ಪಂದವಾಯಿತು. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ತಲೆಯ ಮೇಲೆ ಅಂಗೈಯಗಲದ ನೀಲಿ ಟೋಪಿ ಇಟ್ಟುಕೊಂಡು ಆಫೀಸಿಗೆ ಬಂದರು. ಜೈನರಲ್ಲ, ಮರಾಠಿ ಹಿಂದೂವೂ ಅಲ್ಲ. ಕೊಂಕಣ ಕರಾವಳಿಯಲ್ಲಿ ಎಷ್ಟೋ ತಲೆಮಾರಿನಿಂದ ಇರುವ ಯಹೂದಿಗಳು. ಒಪ್ಪಂದದವರೆಗೆ ಅದನ್ನು ಇಲ್ಲಿ ಹೇಳಿಕೊಳ್ಳಲು ಹೆದರಿಕೆಯಿತ್ತಂತೆ, ಈಗ ಕೇಳಿದವರಿಗೆಲ್ಲ ಅವರೇ ತಾಳ್ಮೆಯಿಂದ ವಿವರಿಸಿದರು. ಶನಿವಾರ ಅವರಲ್ಲಿ ಕೆಲಸ ಮಾಡಬಾರದ ದಿನ. ಕ್ಷಮೆ ಕೇಳುವುದು ಅವರ ದೊಡ್ಡ ಉಪವಾಸದ ದಿನದ ಮೊದಲು. ದೇವರಿಗೆ ಮಾಡಿದ ತಪ್ಪನ್ನು ಆ ದಿನ ದೇವರು ಕ್ಷಮಿಸುತ್ತಾನಂತೆ. ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಕ್ಷಮಿಸಬೇಕು.

ಹಳೆಯ ಗಂಟುಗಳೆಲ್ಲ ಬಿಚ್ಚಿದ ಹಾಗಾಯಿತು ಎಂದು ಉಳಿದವರು ಹೇಳಿದರು. ನನಗೆ ಹೊಸ ಗಂಟು ಬಿದ್ದಿತ್ತು. ಇಷ್ಟು ವರ್ಷ ಇದನ್ನು ಮುಚ್ಚಿಟ್ಟವರು ಇನ್ನೇನನ್ನು ಮುಚ್ಚಿಟ್ಟಿಲ್ಲ? ಊರಿಗೆ ಫೋನು ಮಾಡಿದಾಗ ತಾಯಿಗೆ ಹೇಳಿದೆ. "ಜಾಗ್ರತೆ ಮೋನೆ," ಎಂದರು ಉಮ್ಮ. ಉಮ್ಮನಿಗೆ ಯಾಕೆ ಜಾಗ್ರತೆ ಎಂದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನನ್ನ ಹೆದರಿಕೆ ಅವರ ಟೋಪಿಯದ್ದಲ್ಲ. ಆ ಒಂದು ವಾಕ್ಯವನ್ನು ಅವರು ಕೇಳಿದ್ದಾರೆ, ಒಂದಲ್ಲ ಒಂದು ದಿನ ಹೇಳುತ್ತಾರೆ ಎಂಬುದೇ ನನ್ನ ಹೆದರಿಕೆ. ಟೋಪಿ ಬಂದದ್ದರಿಂದ ಆ ಹೆದರಿಕೆಗೆ ಒಂದು ಮರ್ಯಾದೆಯ ಹೆಸರು ಸಿಕ್ಕಿತು.

ಒಂದು ಶುಕ್ರವಾರ ಬೆಳಿಗ್ಗೆ, ಮರೆತು ಬಿಟ್ಟ ಚಾರ್ಜರ್ ತರುವ ನೆಪದಲ್ಲಿ ಆಫೀಸಿಗೆ ಹೋದೆ. ಮೇಜಿನ ತುಂಬ ವರದಿಯ ಫೈಲುಗಳು ತೆರೆದಿದ್ದವು. ಅವರು ಫೋನಿನಲ್ಲಿ, ಅರಬಿಯಂತೆ ಕೇಳಿಸಿದರೂ ಅರಬಿಯಲ್ಲದ ಭಾಷೆಯಲ್ಲಿ, ಏನನ್ನೋ ಓದಿ ಹೇಳುತ್ತಿದ್ದರು. ನನ್ನನ್ನು ಕಂಡು "ಆಮೇಲೆ ಮಾಡ್ತೀನಿ" ಎಂದು ಮರಾಠಿಯಲ್ಲಿ ಹೇಳಿ ಇಟ್ಟುಬಿಟ್ಟರು.

"ಬರ್ರಿ, ಚಾ ಮಾಡ್ಲೇನು?"

"ಬೇಡ ಸರ್, ಜುಮ್ಮಾಕ್ಕೆ ಹೊತ್ತಾಯಿತು."

ಎರಡು ದಿನ ಬಿಟ್ಟು ಮ್ಯಾನೇಜರ್ ಕ್ಯಾಬಿನ್ನಿಗೆ ಹೋದೆ. ಈ ಸಲ ಬಾಗಿಲು ಗಟ್ಟಿಯಾಗಿ ಹಾಕಿಕೊಂಡೆ. ಶುಕ್ರವಾರ ಅವರು ಒಬ್ಬರೇ ಎಲ್ಲ ಫೈಲು ತೆಗೆಯುತ್ತಾರೆ, ಯಾರಿಗೋ ಫೋನಿನಲ್ಲಿ ಓದಿ ಹೇಳುತ್ತಾರೆ, ನಮಗೆ ತಿಳಿಯದ ಭಾಷೆ ಎಂದೆ. ಮೂರೂ ನಿಜ. ಮೂರನ್ನೂ ಒಂದಕ್ಕೊಂದು ಪೋಣಿಸಿ ಇಟ್ಟದ್ದು ಮಾತ್ರ ನಾನು.

ಅವರಿಂದ ಬೀಗದ ಕೈ ವಾಪಸು ತೆಗೆದುಕೊಂಡರು. ಕಂಪ್ಯೂಟರನ್ನು ಎರಡು ದಿನ ಪರೀಕ್ಷೆ ಮಾಡಿದರು. ಸಿಕ್ಕಿದ್ದೇನೂ ಇಲ್ಲ. ಆದರೂ 'ಸದ್ಯಕ್ಕೆ' ಎಂದು ಅವರನ್ನು ಅಬುಧಾಬಿಯ ಒಂದು ಸೈಟಿಗೆ ಹಾಕಿದರು. ಬರ್ ದುಬೈಯ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರಬೇಕು. ವಯಸ್ಸು ಅರುವತ್ತರ ಹತ್ತಿರ. ಹೊರಡುವ ದಿನ ಮೇಜಿನ ಗಾಜಿನಡಿಯಲ್ಲಿದ್ದ ಸಣ್ಣ ಕಾಗದವನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಆ ವಾರದ ಗುಣದ ಹೆಸರು ಅದರಲ್ಲಿ ಬರೆದಿರುತ್ತಿತ್ತು. ಅದು ಯಾವುದೆಂದು ನಾನು ನೋಡಲಿಲ್ಲ.

ಮುಂದಿನ ಸೆಪ್ಟೆಂಬರಿನಲ್ಲಿ ಒಂದು ದಿನ ರಜೆ ಹಾಕಿ ಅವರು ಅಲ್ ಬರ್ಷಾಕ್ಕೆ ಬಂದರು. ಎಲ್ಲರ ಮೇಜಿಗೂ ಹೋಗಿ ನನ್ನಲ್ಲಿಗೆ ಕೊನೆಗೆ ಬಂದರು. ತೆಳ್ಳಗಾಗಿದ್ದರು.

"ಹೋದ ವರ್ಷ ಏನಂತ ಹೇಳದ ನಿಮಗ ಭಾಳ ತ್ರಾಸ ಕೊಟ್ಟೆ. ಈ ಸಲ ಹೇಳಿಬಿಡ್ತೀನಿ. ಶುಕ್ರವಾರದ ಸಂಗತಿ ಮ್ಯಾನೇಜರ್‌ಗೆ ನೀವೇ ಹೇಳಿದ್ರಿ ಅಂತ ನನ್ನ ಮನಸ್ಸು ಅಂದಿತು. ಬಸ್ಸಿನ್ಯಾಗ ಹೋಗ್ತಾ ಬರ್ತಾ ಅದನ್ನ ಅಂದ್ಕೊಂತ ಕುಂತೆ. ಸಾಕ್ಷಿ ಇಲ್ಲ, ಏನಿಲ್ಲ. ಒಬ್ಬ ಮನಷ್ಯಾನ್ನ ಒಳ್ಳೆ ಕಡೆಯಿಂದ ನೋಡಬೇಕು ಅಂತ ದಿನಾ ಓದ್ತೀನಿ, ನಿಮ್ಮನ್ನ ಹಂಗ ನೋಡ್ಲಿಕ್ಕಾಗಲಿಲ್ಲ. ಮಾಫ್ ಮಾಡ್ರಿ."

ಅವರ ಕಣ್ಣಲ್ಲಿ ಬಲೆಯೇನಾದರೂ ಇದೆಯೇ ಎಂದು ಹುಡುಕಿದೆ. ನನ್ನ ಬಾಯಿಂದಲೇ ಹೊರಡಿಸಲು ಹೀಗೆ ಕೇಳುತ್ತಿದ್ದಾರೆಯೇ? ಬಲೆ ಇರಲಿಲ್ಲ. ಅವರು ನಿಜವಾಗಿಯೂ ನಾಚಿಕೊಂಡು ನಿಂತಿದ್ದರು, ತಪ್ಪು ಮಾಡಿದವರ ಹಾಗೆ.

"ಇರಲಿ ಸರ್. ಮಾಫ್ ಮಾಡಿದ್ದೇನೆ," ಎಂದೆ.

ನನ್ನ ಎರಡೂ ಕೈ ಹಿಡಿದು ಒತ್ತಿ, ಹಗುರಾದವರಂತೆ ಹೊರಟು ಹೋದರು. ಬದುಕಿನಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಅದಕ್ಕಿಂತ ಹೊಲಸು ಬೇರೆ ಇಲ್ಲ.

ಅಲ್ಲಿಂದ ಒಂದೂವರೆ ವರ್ಷಕ್ಕೆ ನಿವೃತ್ತರಾದರು. ಇನ್ನೆರಡು ವರ್ಷ ಇಲ್ಲೇ ಇರಬೇಕೆಂದು ಅವರಿಗೆ ಆಸೆಯಿತ್ತು. ಅವರ ಹೆಂಡತಿಗೆ ಇಷ್ಟು ವರ್ಷಗಳ ಮೇಲೆ ಇಲ್ಲಿ ತಮ್ಮವರ ಪ್ರಾರ್ಥನೆ, ಹಬ್ಬ, ನಾಲ್ಕು ಗೆಳತಿಯರು ಸಿಕ್ಕಿದ್ದರು. ಟೆಕ್ನೀಷಿಯನ್ನರಿಗೆ ತರಬೇತಿ ಕೊಡುವ ಒಂದು ಕಡೆ ಕೆಲಸಕ್ಕೆ ಮಾತಾಡಿದ್ದರು. ಹೆಚ್ಚುಕಡಿಮೆ ಆಗಿಯೇ ಹೋಗಿತ್ತು, ಮತ್ತೆ ಆ ಕಡೆಯವರು ಕರೆಯಲೇ ಇಲ್ಲ. ವೀಸಾ ಮುಗಿಯಿತು. ಗಂಡ ಹೆಂಡತಿ ಮರಾಠಿ ನಾಡಿನ ಠಾಣೆ ಪಟ್ಟಣಕ್ಕೆ ಹೋದರು. ಪ್ರತಿ ಸೆಪ್ಟೆಂಬರಿನಲ್ಲಿ ಅಲ್ಲಿಂದ ಒಂದು ಫೋನು ಬರುತ್ತಿತ್ತು. ಕಳೆದ ವರ್ಷ ನಾನದನ್ನು ಎತ್ತಲಿಲ್ಲ.

ಸತ್ತ ಸುದ್ದಿ ಆಫೀಸಿನ ಗ್ರೂಪಿನಲ್ಲಿ ಬಂತು. ಎದೆನೋವು, ಆಸ್ಪತ್ರೆಗೆ ಹೋಗುವಷ್ಟೂ ಹೊತ್ತಿರಲಿಲ್ಲ. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು, ನಾನೂ ಹಾಕಿದೆ. ಮೂರು ದಿನ ಕಳೆದು ಅವರ ಹೆಂಡತಿಗೆ ಫೋನು ಮಾಡಿದೆ. ಅವರದ್ದೂ ಅದೇ ಹುಬ್ಬಳ್ಳಿಯ ಕನ್ನಡ. ಏನೇನೋ ಮಾತಾಡಿದರು. ಶುಕ್ರವಾರ ಬೆಳಿಗ್ಗೆ ಗಂಡ ಖಾಲಿ ಆಫೀಸಿನಿಂದ ತನ್ನ ಕುರುಡು ಚಿಕ್ಕಪ್ಪನಿಗೆ ತಮ್ಮ ಧರ್ಮಗ್ರಂಥದ ಆ ವಾರದ ಪಾಠವನ್ನು ಅದರ ಭಾಷೆಯಲ್ಲೇ ಓದಿ ಹೇಳುತ್ತಿದ್ದುದನ್ನೂ ಹೇಳಿದರು. "ಆಫೀಸಿನ ಕೀಲಿಕೈ ತಗೊಂಡ ಮ್ಯಾಲೆ ಅದು ನಿಂತು ಹೋತು. ಮನ್ಯಾಗ ಅವರಿಗೆ ದನಿ ಏಳ್ತಿರಲಿಲ್ಲ."

ನಾನು ಕೂತಿದ್ದವನು ಎದ್ದು ನಿಂತೆ. "ಆಂಟಿ, ಆ ಬೀಗದ ಕೈಯ ವಿಷಯ ಮ್ಯಾನೇಜರಿಗೆ ಯಾರು ಹೇಳಿದ್ದು ಅಂದರೆ..."

"ಬ್ಯಾಡ್ರಿ," ಎಂದರು. ದನಿ ಗಟ್ಟಿಯಾಗಿತ್ತು. "ನಾನೂ ಎಷ್ಟೋ ಸಲ ಕೇಳೀನಿ. ಯಾರ ಮ್ಯಾಲೂ ಬೆರಳು ತೋರಿಸಲಿಲ್ಲ ಅವರು. ಅವರು ಹೇಳದ ಹೋದದ್ದನ್ನ ನೀವು ನನಗ ಹೇಳಬ್ಯಾಡ್ರಿ. ಕೇಳಿದ್ರ ಅವನನ್ನ ದ್ವೇಷ ಮಾಡ್ಕೊಂತ ಕುಂಡರಬೇಕು ನಾ. ಹೇಳಲಿಕ್ಕೇ ಬೇಕು ಅಂತ ಯಾರಿಗರ ಇದ್ರ, ಜೀವಂತ ಇದ್ದವರ ಕಡೆ ಹೋಗ್ಲಿ."

ಜೀವಂತ ಇದ್ದವನೆಂದರೆ ಸುಧಾಕರ. ಒಂದೂವರೆ ವರ್ಷ ಊರಲ್ಲಿದ್ದು ಅವನು ಮತ್ತೆ ಈ ದೇಶಕ್ಕೆ ಬಂದು, ಅಲ್ ಐನಿನ ಶಾಲೆಯೊಂದರಲ್ಲಿ ಬಸ್ಸುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ. ಈದಿಗೆ, ದೀಪಾವಳಿಗೆ ಮೆಸೇಜು ಕಳಿಸಿಕೊಳ್ಳುತ್ತಿದ್ದೆವು. ಅವರ ಹೆಂಡತಿಯೊಡನೆ ಮಾತಾಡಿದ ಮುಂದಿನ ಶನಿವಾರ ಅವನಲ್ಲಿಗೆ ಬಸ್ಸು ಹತ್ತಿದೆ.

ಅವನು ಕೆಫೆಟೇರಿಯಾದಲ್ಲಿ ಕಾಯುತ್ತಿದ್ದ, ತಲೆ ನರೆತಿತ್ತು. ಎರಡು ಕಡಕ್ ಚಾ ಬಂತು. ನಾನು ಸುತ್ತು ಬಳಸದೆ ಎಲ್ಲ ಹೇಳಿದೆ. ಆ ಮಧ್ಯಾಹ್ನ, ಆ ಫೈಲು, ಆ ಒಂದು ವಾಕ್ಯ.

ಅವನು ತನ್ನ ಕಪ್ಪನ್ನು ಮೇಜಿನ ಅಂಚಿಗೆ ಸರಿಸಿಟ್ಟ. ಬೈಯುತ್ತಾನೆ, ಎದ್ದು ಹೋಗುತ್ತಾನೆ ಎಂದು ಕಾದೆ.

"ನೀನಾ?" ಎಂದ.

"ಹೌದು."

"ಅವರಲ್ಲವಾ?"

"ಯಾರು?"

"ಮುದುಕ ಮಾರಾಯ. ಆ ಬಾಗಿಲ ಹತ್ರ ಕೂತುಕೊಳ್ತಿದ್ದದ್ದು ಅವರೇ ಅಲ್ಲವಾ? ಆ ವರ್ಷ ಸೆಪ್ಟೆಂಬರಿನಲ್ಲಿ ನನಗೆ ಊರಿಗೆ ಫೋನ್ ಮಾಡಿ ಮಾಫಿ ಕೇಳಿದ್ರು. ಕೆಲಸ ಹೋದವನಿಗೆ ಅಲ್ಲಿಂದ ಫೋನ್ ಮಾಡಿ ಮಾಫಿ ಕೇಳಬೇಕಾದ್ರೆ ಎಂತದೋ ಮಾಡಿರಬೇಕಲ್ಲ. ನಾನು ಬಾಯಿಗೆ ಬಂದ ಹಾಗೆ ಬೈದೆ. ಅಪ್ಪ ಅಮ್ಮನನ್ನೂ ಬಿಡ್ಲಿಲ್ಲ."

"ಅವರು ಎಂತ ಹೇಳಿದ್ರು?"

"'ನಾನಲ್ರಿ' ಅಂದ್ರು, ಒಂದೇ ಸಲ. ಮತ್ತೆ ಯಾರು ಅಂತ ಕೇಳಿದೆ. 'ನನಗ ಗೊತ್ತಿಲ್ಲ. ಸಂಶಯದ ಮ್ಯಾಲೆ ಯಾರ ಹೆಸರೂ ಹೇಳಂಗಿಲ್ಲ' ಅಂದ್ರು. ಕಳ್ಳ ಅಂತ ಅನ್ನಿಸಿತು ನನಗೆ. ಖಲಾಸ್, ಇವರೇ ಅಂತ ಗಟ್ಟಿ ಮಾಡಿಕೊಂಡೆ."

ಸುಧಾಕರ ಎರಡೂ ಕೈಯಿಂದ ಮುಖ ಉಜ್ಜಿಕೊಂಡ. ಆ ಮೇಲೆ ಅವನು ಹೇಳಿದ್ದನ್ನು ಕೇಳಲು ನಾನು ಅಷ್ಟು ದೂರ ಹೋಗಿರಲಿಲ್ಲ. ತರಬೇತಿಯ ಆ ಕೆಲಸಕ್ಕೆ ಅವರನ್ನು ತೆಗೆದುಕೊಳ್ಳಬೇಕೆಂದಿದ್ದ ಕಡೆ ಇವನ ಊರಿನ ರಾಜೇಶ ಎನ್ನುವವನಿದ್ದ. ಮನುಷ್ಯ ಹೇಗೆ ಎಂದು ರಾಜೇಶ ಇವನನ್ನು ಕೇಳಿದ್ದ. ಇವನು ಹೇಳಿದ್ದ: ಕೆಲಸ ಗೊತ್ತುಂಟು, ಆದರೆ ಜೊತೆಗಿದ್ದವರ ಅನ್ನ ತೆಗೆಯುವ ಜಾತಿ, ಹತ್ತಿರ ಸೇರಿಸಬೇಡ.

"ಅವನಿಗೆ ಮಾತ್ರ ಅಲ್ಲ. ನಮ್ಮ ಹಳೇ ಬ್ಯಾಚಿನವರಿಗೆ ಎಲ್ಲರಿಗೂ ಹೇಳಿದ್ದೇನೆ. ಅವರು ತೀರಿಕೊಂಡ ಸುದ್ದಿ ಬಂದ ದಿನವೂ ಹೇಳಿದ್ದೇನೆ."

ಕೆಫೆಟೇರಿಯಾದ ಟಿವಿಯಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ನಾನು ಅವನ ಕಪ್ಪನ್ನು ಮತ್ತೆ ಅವನ ಎದುರಿಗೆ ಸರಿಸಿ ಕೇಳಿದೆ.

"ನನ್ನನ್ನು ಕ್ಷಮಿಸ್ತೀಯಾ ಸುಧಾಕರ?"

"ಇವತ್ತು ಅದನ್ನು ಕೇಳಬೇಡ. ನನ್ನ ಮಗಳ ಓದಿನ ಒಂದು ವರ್ಷ ಹೋಗಿದೆ, ಅದನ್ನು ಅವಳ ಅಮ್ಮನ ಹತ್ರ ಮಾತಾಡದೆ ನಾನು ಎಂತದೂ ಹೇಳುದಿಲ್ಲ. ಅದು ಆಮೇಲೆ." ಅವನು ಫೋನು ತೆಗೆದು ಹೆಸರುಗಳನ್ನು ಮೇಲೆ ಕೆಳಗೆ ಸರಿಸತೊಡಗಿದ. "ನಾನು ಯಾರ್ಯಾರಿಗೆ ಹೇಳಿದ್ದೇನೋ ಅವರಿಗೆ ಎಲ್ಲ ನಾನು ಹೇಳಬೇಕು, ತಪ್ಪಾಯ್ತು ಅಂತ. ಆದರೆ ಯಾಕೆ ತಪ್ಪಾಯ್ತು ಅಂತ ನಾನು ಹೇಳಿದ್ರೆ ಅದು ನಿನ್ನ ಚಾಡಿ ಆಗ್ತದೆ. ಅದನ್ನು ನೀನೇ ಹೇಳು."

ಮೊದಲ ನಂಬರು ರಾಜೇಶನದು. ಸು‌ಧಾಕರ ಎರಡು ಮಾತು ಆಡಿ, "ಇರು, ಒಬ್ಬರು ಮಾತಾಡ್ತಾರೆ," ಎಂದು ಫೋನನ್ನು ನನ್ನ ಕಡೆ ಚಾಚಿದ. ಅದನ್ನು ಕಿವಿಗೆ ಹಿಡಿದುಕೊಂಡೆ. ಆ ಕಡೆಯಿಂದ ನನಗೆ ಗುರುತಿಲ್ಲದ ದನಿಯೊಂದು ಯಾರೆಂದು ಕೇಳಿತು.

"ನನ್ನ ಹೆಸರು ಹಮೀದ್," ಎಂದೆ. "ಸುಧಾಕರ ನಿಮಗೆ ಒಬ್ಬರ ಬಗ್ಗೆ ಕೆಟ್ಟದು ಹೇಳಿದ್ದನಲ್ಲ, ಅವನ ಅನ್ನ ತೆಗೆದದ್ದು ಅವರಲ್ಲ. ನಾನು."